ಮೀನಿನ ಹೆಜ್ಜೆ ಕಂಡವರುಂಟೆ?
ನೀರಿನಡಿಯ ಕ್ಯಾಮರಾ ಆರಿಸುವ ಬಗೆ

ಮೀನಿನ ಹೆಜ್ಜೆಯನ್ನು ಕಂಡವರಿಲ್ಲ ಎಂಬುದು ನಮ್ಮ ಹಿರಿಯರ ಮಾತು. ನೆಲದ ಮೇಲೆ ನಡೆಯುವ ಪ್ರಾಣಿ ಗುರುತು ಬಿಟ್ಟು ಹೋಗುತ್ತದೆ; ನೀರೊಳಗಿನ ಮೀನು ಏನನ್ನೂ ಬಿಡುವುದಿಲ್ಲ. ರಾಜ್ಯದ ಹಣವನ್ನು ನುಂಗುವ ಅಧಿಕಾರಿಗಳ ಗುಟ್ಟನ್ನು ವಿವರಿಸಲು ಹೊರಟ ಕೌಟಿಲ್ಯನಿಗೂ ಅರ್ಥಶಾಸ್ತ್ರದಲ್ಲಿ ಹೊಳೆದ ಹೋಲಿಕೆ ನೀರೊಳಗಿನ ಮೀನಿನದೇ. ಕಾಣದುದನ್ನು ಕಾಣಬೇಕೆಂಬ ಹಂಬಲ ಮಾತ್ರ ಮನುಷ್ಯನನ್ನು ಎಂದೂ ಬಿಟ್ಟಿಲ್ಲ. ಇಂದು ಆ ಹಂಬಲ ಮುಷ್ಟಿಗಾತ್ರದ ಒಂದು ಯಂತ್ರವಾಗಿ ಅಂಗಡಿಯಲ್ಲಿ ಮಾರಾಟಕ್ಕೆ ಕುಳಿತಿದೆ.

ಜನವರಿ ತಿಂಗಳ ಒಂದು ಮುಂಜಾನೆಯನ್ನು ಊಹಿಸಿಕೊಳ್ಳಬಹುದು. ಅಮೆರಿಕದ ಉತ್ತರದ ಅಂಚಿನಲ್ಲಿರುವ ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರ ದಡದಿಂದ ದಡಕ್ಕೆ ಹೆಪ್ಪುಗಟ್ಟಿ ಬಿಳಿಯ ಬಯಲಾಗಿ ಮಲಗಿದೆ. ಆ ಬಯಲಿನ ಮೇಲೆ ಅಲ್ಲೊಂದು ಇಲ್ಲೊಂದು ಬಟ್ಟೆಯ ಗುಡಾರ, ಮರದ ಗುಡಿಸಲು. ಒಂದರೊಳಗೆ ತಂದೆಯೂ ಮಗಳೂ ಕುಳಿತಿದ್ದಾರೆ. ಅವರ ಮುಂದೆ, ಮಂಜುಗಡ್ಡೆಯಲ್ಲಿ ಬೈರಿಗೆಯಿಂದ ಕೊರೆದ ಎರಡು ರಂಧ್ರಗಳು. ಒಂದರಲ್ಲಿ ಗಾಳದ ದಾರ. ಇನ್ನೊಂದರಲ್ಲಿ ಕರಿಯ ತಂತಿ. ತಂತಿಯ ಕೆಳತುದಿಯಲ್ಲಿ ಕ್ಯಾಮರಾ, ಮೇಲ್ತುದಿಯಲ್ಲಿ ಮಗಳ ತೊಡೆಯ ಮೇಲಿರುವ ಪುಟ್ಟ ಪರದೆ. ಪರದೆಯ ತುಂಬ ಹಸಿರು ಬೆರೆತ ಮಬ್ಬು ಬೆಳಕು; ಅದರ ನಡುವೆ ತೂಗುತ್ತಿರುವ ಎರೆ. ಮಬ್ಬಿನೊಳಗಿಂದ ಒಂದು ಮೀನು ನಿಧಾನವಾಗಿ ಮೂಡಿ ಬರುತ್ತದೆ. ಎರೆಯ ಮುಂದೆ ನಿಲ್ಲುತ್ತದೆ, ದಿಟ್ಟಿಸುತ್ತದೆ, ಬೇಡವೆಂಬಂತೆ ತಿರುಗಿ ಹೋಗುತ್ತದೆ.

ಹಿಂದಾಗಿದ್ದರೆ ಆ ತಂದೆ ‘ಇಲ್ಲಿ ಮೀನೇ ಇಲ್ಲ’ ಎಂದು ಎದ್ದು ಬೇರೆ ಜಾಗ ಹುಡುಕುತ್ತಿದ್ದ. ಈಗ ‘ಮೀನು ಇದೆ, ಒಲ್ಲೆನೆನ್ನುತ್ತಿದೆ’ ಎಂಬುದು ಅವನಿಗೆ ತಿಳಿದಿದೆ. ಈ ಎರಡು ಮಾತುಗಳ ನಡುವಿನ ಅಂತರವೇ ನೀರಿನಡಿಯ ಕ್ಯಾಮರಾದ ಬೆಲೆ.

ಹಗ್ಗಕ್ಕೆ ಕಟ್ಟಿದ ಪೆಟ್ಟಿಗೆ

ಈ ಯೋಚನೆ ಹೊಸದೇನಲ್ಲ. ೧೮೫೬ರಲ್ಲಿ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಮ್ಸನ್ ಎಂಬ ವಕೀಲನು ಕ್ಯಾಮರಾವೊಂದನ್ನು ಗಾಜಿನ ಮುಖವುಳ್ಳ ಪೆಟ್ಟಿಗೆಯೊಳಗಿಟ್ಟು, ದೋಣಿಯಿಂದ ಹಗ್ಗದ ಮೂಲಕ ಸಮುದ್ರಕ್ಕೆ ಇಳಿಬಿಟ್ಟನು. ಪೆಟ್ಟಿಗೆಯೊಳಕ್ಕೆ ನೀರು ನುಗ್ಗಿತು. ಆದರೂ ತಳದ ಬಂಡೆಗಳೂ ಕಳೆಗಳೂ ಮಸುಕಾಗಿ ಫಲಕದ ಮೇಲೆ ಮೂಡಿದ್ದವು. ನೀರಿನಡಿಯಲ್ಲಿ ತೆಗೆದ ಮೊದಲ ಛಾಯಾಚಿತ್ರವೆಂದು ಲೋಕ ಅದನ್ನೇ ನೆನೆಯುತ್ತದೆ. ೧೮೯೩ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ಎಂಬ ಜೀವವಿಜ್ಞಾನಿ ಬಾನ್ಯುಲ್ಸ್ ಎಂಬಲ್ಲಿ ಮುಳುಗುಡುಗೆ ತೊಟ್ಟು ತಾನೇ ಸಮುದ್ರಕ್ಕಿಳಿದು ಚಿತ್ರ ತೆಗೆದನು.

ಗಾಳವೂ ಕ್ಯಾಮರಾವೂ ಜೊತೆಗೂಡಿ ಸಾಧಿಸಿದ ಅತ್ಯಂತ ದೊಡ್ಡ ಬೇಟೆ ಜಪಾನಿನದು. ೨೦೦೪ರಲ್ಲಿ ಒಗಸವಾರ ದ್ವೀಪಗಳ ಬಳಿ ಅಲ್ಲಿನ ವಿಜ್ಞಾನಿಗಳಾದ ಕುಬೊಡೆರ ಮತ್ತು ಮೋರಿ ಎಂಬುವರು ಗಾಳದ ದಾರಕ್ಕೆ ಎರೆಯನ್ನೂ ಅದರ ಮೇಲೆ ತಾನಾಗಿ ಚಿತ್ರ ತೆಗೆಯುವ ಕ್ಯಾಮರಾವನ್ನೂ ಕಟ್ಟಿ ಸುಮಾರು ೯೦೦ ಮೀಟರ್ ಆಳಕ್ಕೆ ಇಳಿಸಿದರು. ಅಲ್ಲಿಯವರೆಗೆ ಆಳದ ತನ್ನ ನೆಲೆಯಲ್ಲಿ ಜೀವಂತವಾಗಿ ಯಾವ ಕ್ಯಾಮರಾಕ್ಕೂ ಸಿಕ್ಕದಿದ್ದ ದೈತ್ಯ ಸ್ಕ್ವಿಡ್ ಎರೆಗೆ ಮುತ್ತಿತು. ನಾಲ್ಕು ಗಂಟೆಗೂ ಹೆಚ್ಚು ಕಾಲ ಸೆಣಸಿ, ತನ್ನ ಒಂದು ನೀಳತೋಳನ್ನು ಗಾಳದಲ್ಲೇ ಬಿಟ್ಟು ಪಾರಾಯಿತು. ಅಷ್ಟರೊಳಗೆ ಐನೂರಕ್ಕೂ ಮಿಕ್ಕ ಚಿತ್ರಗಳು ದಾಖಲಾಗಿದ್ದವು. ಮೀನುಗಾರನ ಲೆಕ್ಕದಲ್ಲಿ ಅದು ತಪ್ಪಿಸಿಕೊಂಡ ಬೇಟೆ. ವಿಜ್ಞಾನಿಗಳ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಗೆಲುವಿಲ್ಲ.

ನೀರೆಂಬ ಬಣ್ಣದ ಗಾಜು

ಕ್ಯಾಮರಾ ಕೊಳ್ಳುವವನು ಮೊದಲು ತಿಳಿಯಬೇಕಾದುದು ಕ್ಯಾಮರಾದ ಗುಣವನ್ನಲ್ಲ, ನೀರಿನ ಗುಣವನ್ನು. ನೀರಿನ ಬಣ್ಣದ ಈ ಕಥೆಯಲ್ಲಿ, ಮುಂದೆ ಬೆಂಗಳೂರಿನಲ್ಲೇ ನೆಲೆಸಿದ ಮಹನೀಯರೊಬ್ಬರ ಹೆಸರೂ ಸೇರಿದೆ. ೧೯೨೧ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರನ್ನು ಮೆಡಿಟರೇನಿಯನ್ ಸಮುದ್ರದ ನೀಲಿ ಸೆರೆಹಿಡಿಯಿತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೇ ಹೊರತು ಬೇರೇನೂ ಅಲ್ಲವೆಂಬುದು ಅಂದು ದೊಡ್ಡವರ ಅಭಿಪ್ರಾಯವಾಗಿತ್ತು. ರಾಮನ್ ತಮ್ಮಲ್ಲಿದ್ದ ನಿಕಲ್ ಪಟ್ಟಕವನ್ನು ಕಣ್ಣಿಗೆ ಹಿಡಿದು ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಳಿಸಿ ನೋಡಿದರು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಆ ಬಣ್ಣಕ್ಕೆ ನೀರಿನ ಅಣುಗಳೇ ಬೆಳಕನ್ನು ಚದರಿಸುವುದು ಕಾರಣವೆಂದು ಅವರು ತೋರಿಸಿಕೊಟ್ಟರು. ೧೯೨೮ರ ರಾಮನ್ ಪರಿಣಾಮಕ್ಕೆ ಒಯ್ದ ದಾರಿ ಅಲ್ಲಿಂದಲೇ ಹೊರಟಿತು. ಇಂದು ಗಾಳ ಹಾಕುವವರು ಧರಿಸುವ ಪೋಲರಾಯ್ಡ್ ಕನ್ನಡಕವು ಮಾಡುವ ಕೆಲಸವೂ ಆ ಪಟ್ಟಕದ ಕೆಲಸವೇ.

ನೀರು ಬೆಳಕನ್ನು ಚದರಿಸುವುದಷ್ಟೇ ಅಲ್ಲ, ನುಂಗುವುದೂ ಉಂಟು. ತಿಳಿನೀರಿನಲ್ಲಿ ಮೊದಲು ಕೆಂಪು ಮಾಯವಾಗುತ್ತದೆ. ಇಪ್ಪತ್ತು ಅಡಿ ಆಳ ಮುಟ್ಟುವಷ್ಟರಲ್ಲಿ ಕೆಂಪು ವಸ್ತು ಬಹುಮಟ್ಟಿಗೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಕೊಳೆತ ಎಲೆ, ಜೌಗುಮಣ್ಣಿನ ರಸ ಬೆರೆತ ನೀರಿನಲ್ಲಿ ಇದು ತಿರುವುಮುರುವು: ಅಲ್ಲಿ ಮೊದಲು ಅಳಿಯುವುದು ನೀಲಿ, ಉಳಿಯುವುದು ಕಂದು. ಹೀಗೆ ಪ್ರತಿಯೊಂದು ಸರೋವರವೂ ತನ್ನದೇ ಬಣ್ಣದ ಗಾಜನ್ನು ಕ್ಯಾಮರಾದ ಮುಂದೆ ಹಿಡಿದು ನಿಂತಿರುತ್ತದೆ. ಅಂಗಡಿಯ ಹಲಗೆಯ ಮೇಲೆ ಚೆನ್ನಾಗಿ ಕಂಡ ಕ್ಯಾಮರಾ ಎಲ್ಲ ನೀರಿನಲ್ಲೂ ಚೆನ್ನಾಗಿ ಕಾಣುವುದೆಂದು ನಂಬುವಂತಿಲ್ಲ.

ಎರಡು ಸರೋವರ, ಎರಡು ಆಯ್ಕೆ

ಇದಕ್ಕೆ ಮಿನ್ನೆಸೋಟವೇ ಒಳ್ಳೆಯ ನಿದರ್ಶನ. ಹತ್ತು ಎಕರೆಗಿಂತ ದೊಡ್ಡದಾದ ೧೧,೮೪೨ ಸರೋವರಗಳು ಆ ರಾಜ್ಯದಲ್ಲಿವೆ. ಮಿಲ್ ಲ್ಯಾಕ್ಸ್ ಅವುಗಳಲ್ಲಿ ಒಂದು: ವಿಸ್ತಾರ ಸುಮಾರು ೧,೩೨,೦೦೦ ಎಕರೆ, ಅತಿ ಹೆಚ್ಚಿನ ಆಳ ೪೨ ಅಡಿಯಷ್ಟು. ಅದರ ನೀರು ಈಗ ತಿಳಿ. ಅದಕ್ಕೂ ಉತ್ತರದಲ್ಲಿ ಕೆಂಪು ಸರೋವರವಿದೆ. ಮೇಲಿನದೂ ಕೆಳಗಿನದೂ ಸೇರಿ ೨,೮೦,೦೦೦ ಎಕರೆಗೂ ಮಿಕ್ಕಿದ ಜಲರಾಶಿ. ಸುತ್ತಲಿನ ಜೌಗು ಪ್ರದೇಶದಿಂದ ಹರಿದು ಬರುವ ರಸದಿಂದ ಮೇಲಿನ ಸರೋವರದ ನೀರು ಹಾಲು ಬೆರೆಸದ ಚಹದಂತೆ ಕಂದು.

ಮಿಲ್ ಲ್ಯಾಕ್ಸಿನಂತಹ ತಿಳಿನೀರಿಗೆ ಬಣ್ಣದ ಕ್ಯಾಮರಾ ಸೊಗಸು. ಹಗಲಿನಲ್ಲಿ ಪ್ರತ್ಯೇಕ ದೀಪವೇ ಬೇಡವಾಗಬಹುದು. ಮಂಜುಗಡ್ಡೆ ಬೆಳಕನ್ನು ಸಾಕಷ್ಟು ಒಳಬಿಡುತ್ತದೆ. ಅದರ ಮೇಲೆ ಹೊದ್ದ ಹಿಮವೇ ಬೆಳಕಿನ ದೊಡ್ಡ ಶತ್ರು. ರಂಧ್ರದ ಸುತ್ತಲಿನ ಹಿಮವನ್ನು ಗುಡಿಸಿದರೂ ಕೆಳಗಿನ ಚಿತ್ರ ತಿಳಿಯಾಗುವುದುಂಟು. ಕಂದು ನೀರಿನಲ್ಲಿಯಾದರೋ ಬಣ್ಣಕ್ಕೆ ಕೊಟ್ಟ ಹಣ ನೀರಿಗೆ ಹೋದಂತೆಯೇ. ಮಂದ ಬೆಳಕನ್ನು ಗ್ರಹಿಸುವುದರಲ್ಲಿ ಕಪ್ಪುಬಿಳುಪು ಕ್ಯಾಮರಾವೇ ಮುಂದು. ಬಣ್ಣ ವಿಂಗಡಿಸುವ ಜಾಲರಿ ಅದರ ಕಣ್ಣಿನ ಮುಂದೆ ಇರುವುದಿಲ್ಲವಾದ್ದರಿಂದ ಬಂದ ಬೆಳಕೆಲ್ಲವೂ ಅದಕ್ಕೆ ದಕ್ಕುತ್ತದೆ.

ದೀಪದ ಪ್ರಶ್ನೆಯೂ ಹೀಗೆಯೇ. ಕೊಳ್ಳುವವರು ಸಾಮಾನ್ಯವಾಗಿ ‘ದೀಪ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದುಕೊಳ್ಳುತ್ತಾರೆ. ಮಡಿಕೇರಿಯ ಘಟ್ಟದ ಮಂಜಿನಲ್ಲಿ ಮೋಟಾರು ಓಡಿಸಿದವರಿಗೆ ಇದರ ತಪ್ಪು ತಿಳಿದಿರುತ್ತದೆ. ದೀಪವನ್ನು ಪ್ರಖರವಾಗಿ ಉರಿಸಿದಷ್ಟೂ ರಸ್ತೆ ಕಾಣದೆ ಬಿಳಿಯ ಗೋಡೆ ಎದ್ದು ನಿಲ್ಲುತ್ತದೆ. ಕಲಕು ನೀರಿನ ಕಣಗಳು ಬಿಳಿಯ ದೀಪವನ್ನು ಹಾಗೆಯೇ ಮಸೂರದತ್ತ ಮರಳಿಸುತ್ತವೆ. ದೀಪವನ್ನು ಆರಿಸಲೂ ಕುಂದಿಸಲೂ ಅನುಕೂಲವಿರುವ ಕ್ಯಾಮರಾ ಮೇಲು.

ಮೀನಿನ ಕಣ್ಣಿಗೆ ಬೀಳದ ಅವಕೆಂಪು ಬೆಳಕು, ಎಂದರೆ ಇನ್‌ಫ್ರಾರೆಡ್ ದೀಪ, ಕೆಲವು ಕ್ಯಾಮರಾಗಳಲ್ಲಿರುತ್ತದೆ. ಮೀನನ್ನು ಬೆದರಿಸದೆ ಕತ್ತಲೆಯಲ್ಲಿ ನೋಡಬಹುದೆಂಬುದು ನಿಜ. ಆದರೆ ನೀರು ಕೆಂಪಿಗಿಂತಲೂ ಬೇಗ ಅವಕೆಂಪನ್ನು ನುಂಗಿಬಿಡುತ್ತದೆ. ಒಂದೆರಡು ಮೊಳದಾಚೆಗೆ ಆ ದೀಪಕ್ಕೆ ಬಲವಿಲ್ಲ. ಎರೆಯ ಪಕ್ಕದಲ್ಲೇ ಕ್ಯಾಮರಾ ಇಡುವವರಿಗೆ ಅದು ಸಾಕು. ದೂರದ ಮೀನನ್ನು ಹುಡುಕುವವರಿಗೆ ಸಾಲದು.

ತಂತಿ, ಪರದೆ, ಬ್ಯಾಟರಿ

ಇನ್ನು ಯಂತ್ರದ ಮಾತು. ತಂತಿಯ ಗೊಡವೆಯೇ ಇಲ್ಲದ ಕ್ಯಾಮರಾ ಇರಬಾರದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಗಾಳಿಯಲ್ಲಿ ಮನೆಯಿಂದ ಮನೆಗೆ ಹಾರುವ ವೈಫೈ ಅಲೆಗಳು ನೀರಿನಲ್ಲಿ ಕೆಲವು ಅಂಗುಲಗಳಷ್ಟರಲ್ಲೇ ಸೊರಗಿಹೋಗುತ್ತವೆ. ‘ತಂತಿರಹಿತ’ವೆಂದು ಮಾರುವ ಕ್ಯಾಮರಾಗಳಲ್ಲಿಯೂ ನೀರಿನ ಮೇಲೆ ತೇಲುವ ಒಂದು ಬುರುಡೆಯವರೆಗೆ ತಂತಿ ಇದ್ದೇ ಇರಬೇಕು. ಸಾಹಸ ಕ್ರೀಡೆಗಳಿಗೆಂದು ಮಾಡಿದ ಅಂಗೈಯಗಲದ ಕ್ಯಾಮರಾಗಳು ಸುಂದರವಾದ ಚಿತ್ರವನ್ನು ದಾಖಲಿಸಿಕೊಳ್ಳುತ್ತವೆ, ಸಂದೇಹವಿಲ್ಲ. ಆದರೆ ಅವುಗಳ ಚಿತ್ರವನ್ನು ಮೇಲೆ ತಂದ ಬಳಿಕವೇ ನೋಡಬೇಕು. ಮನೆಗೆ ಬಂದು ನೆಂಟರಿಷ್ಟರಿಗೆ ತೋರಿಸಲು ಅವು. ಕುಳಿತಲ್ಲೇ ಎರೆ ಬದಲಿಸಲು ತಂತಿಯ ಕ್ಯಾಮರಾ. ತನಗೆ ಬೇಕಾದುದು ಯಾವುದೆಂಬುದನ್ನು ಕೊಳ್ಳುವವನು ಮೊದಲೇ ನಿಶ್ಚಯಿಸಬೇಕು.

ತಂತಿಯ ಉದ್ದ ಸರೋವರದ ಆಳಕ್ಕಿಂತ ಹೆಚ್ಚಿರಬೇಕಾದುದು ಸಹಜ. ನಲವತ್ತು ಅಡಿಯ ನೀರಿಗೆ ಐವತ್ತು ಅಡಿಯ ತಂತಿ ಸಾಕು. ನೂರಡಿಯ ತಂತಿ ಆಳದ ನೀರಿನವರಿಗೆ. ಅನಾವಶ್ಯಕವಾಗಿ ಉದ್ದವಾದ ತಂತಿ ಚಳಿಯಲ್ಲಿ ಸೆಟೆದು, ಗಂಟುಬಿದ್ದು, ಕಾಲಿಗೆ ತೊಡರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನೀತಿ ಇಲ್ಲಿಯೂ ಸಲ್ಲುತ್ತದೆ.

ಪ್ರತಿ ೩೩ ಅಡಿ ಇಳಿದಂತೆಲ್ಲ ನೀರಿನ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. ಆದುದರಿಂದ ‘ನೀರು ತಾಗದು’ ಎಂಬ ಮಾತಷ್ಟೇ ಸಾಲದು. ಎಷ್ಟು ಆಳಕ್ಕೆ ತಾಗದು ಎಂದು ಕೇಳಬೇಕು. ಇಂತಹ ಯಂತ್ರಗಳ ಮೇಲೆ ‘ಐಪಿ’ ಎಂಬ ಗುರುತಿನ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿನದು, ಎರಡನೆಯದು ನೀರಿನದು. ಎರಡನೆಯ ಅಂಕಿ ೭ ಆಗಿದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬಲ್ಲುದೆಂದು ಅರ್ಥ. ೮ ಆಗಿದ್ದರೆ ತಯಾರಕರು ತಾವೇ ಹೇಳಿದ ಹೆಚ್ಚಿನ ಆಳದವರೆಗೆ. ಆ ಆಳವೆಷ್ಟೆಂಬುದನ್ನು ಬಾಯಿಮಾತಿನಲ್ಲಲ್ಲ, ಬರಹದಲ್ಲಿ ನೋಡುವುದು ಲೇಸು. ವಿಲಿಯಂ ಥಾಮ್ಸನ್ನನ ಪೆಟ್ಟಿಗೆಗೆ ನೀರು ನುಗ್ಗಿದ ಕಥೆ ಮರೆಯುವಂತಹುದಲ್ಲ.

ಪರದೆಯನ್ನು ಅಂಗಡಿಯ ನೆರಳಿನಲ್ಲಿ ಪರೀಕ್ಷಿಸಿ ಮೋಸಹೋಗುವವರೇ ಬಹಳ. ಹಿಮದ ಬಯಲಿನಲ್ಲಿ ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಪ್ರತಿಫಲಿಸುತ್ತದೆ. ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಬೇಕು. ನೆರಳಿಗೆ ಮುಸುಕು ಇರುವುದನ್ನು ಆರಿಸಬೇಕು. ಲಿಥಿಯಂ ಬ್ಯಾಟರಿ ಚಳಿಗೆ ಮುದುಡುತ್ತದೆ. ಬೇಸಗೆಯಲ್ಲಿ ಎಂಟು ಗಂಟೆ ನಡೆದುದು ಕಡುಚಳಿಯಲ್ಲಿ ಅಷ್ಟು ನಡೆಯದು. ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ವಿದ್ಯುತ್ ತುಂಬಿದರೆ ಬ್ಯಾಟರಿಯೇ ಕೆಡುತ್ತದೆ. ಮನೆಗೆ ತಂದು, ಬೆಚ್ಚಗಾದ ಮೇಲೆಯೇ ತುಂಬಬೇಕು.

ಕ್ಯಾಮರಾವನ್ನು ಗಾಳದ ರಂಧ್ರದಲ್ಲೇ ಇಳಿಸಿದರೆ ಮೀನು ಸಿಕ್ಕಿದೊಡನೆ ದಾರವೂ ತಂತಿಯೂ ಜಡೆ ಹೆಣೆದುಕೊಳ್ಳುತ್ತವೆ. ಪಕ್ಕದಲ್ಲಿ ಇನ್ನೊಂದು ರಂಧ್ರ ಕೊರೆಯುವುದು ಜಾಣತನ. ತಂತಿ ತಿರುಚಿಕೊಂಡು ಕ್ಯಾಮರಾ ಬುಗುರಿಯಂತೆ ಸುತ್ತದಿರಲು ಬಾಲದ ರೆಕ್ಕೆಯುಳ್ಳ ಮಾದರಿ ಒಳ್ಳೆಯದು. ಮತ್ತೊಂದು ಎಚ್ಚರ: ಗಾಜಿನ ಕಿಟಕಿಯ ಮೂಲಕ ನೀರನ್ನು ನೋಡುವಾಗ ಬೆಳಕಿನ ವಕ್ರೀಭವನದಿಂದ ವಸ್ತುಗಳು ಸುಮಾರು ಮೂರನೆಯ ಒಂದು ಪಾಲು ದೊಡ್ಡದಾಗಿ ತೋರುತ್ತವೆ. ತಪ್ಪಿಸಿಕೊಂಡ ಮೀನು ಯಾವಾಗಲೂ ದೊಡ್ಡದೇ ಎಂಬ ಮೀನುಗಾರರ ಮಾತಿಗೆ ಭೌತಶಾಸ್ತ್ರದ ಬೆಂಬಲವೂ ದೊರೆತಂತಾಯಿತು!

ತಿಳಿನೀರಿನ ಒಳಗುಟ್ಟು

ಕ್ಯಾಮರಾ ಕೊಂಡದ್ದಾಯಿತು, ಮೀನು ಕಂಡದ್ದೂ ಆಯಿತು. ಕಂಡ ಮೇಲೆ ಏನು? ನಿಜವಾದ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ.

ಮಿನ್ನೆಸೋಟದ ಜನ ಅತ್ಯಂತ ಪ್ರೀತಿಯಿಂದ ಹಿಡಿಯುವ ಮೀನು ವಾಲೈ. ಅದರ ಕಣ್ಣಿನ ಹಿಂಭಾಗದಲ್ಲಿ ಬೆಕ್ಕಿನ ಕಣ್ಣಿನಲ್ಲಿರುವಂತಹ ಕನ್ನಡಿಪದರವಿದೆ. ಮಬ್ಬುಗತ್ತಲಲ್ಲಿ ಬೇಟೆಯಾಡುವುದಕ್ಕೆ ಪ್ರಕೃತಿ ಕೊಟ್ಟ ವರ ಅದು. ಮಿಲ್ ಲ್ಯಾಕ್ಸಿನ ನೀರು ವಾಲೈಗೆ ಹಿತವಾದ ಮಬ್ಬನ್ನು ಉಳಿಸಿಕೊಂಡಿತ್ತು. ೨೦೦೫ರಲ್ಲಿ ಅಲ್ಲಿ ಜೀಬ್ರಾ ಮಸೆಲ್ ಎಂಬ ಪಟ್ಟೆ ಚಿಪ್ಪಿನ ಪುಟ್ಟ ಜೀವಿ ಕಾಣಿಸಿಕೊಂಡಿತು. ಕ್ಯಾಸ್ಪಿಯನ್ ಮತ್ತು ಕಪ್ಪು ಸಮುದ್ರಗಳ ಸೀಮೆಯ ಈ ಜೀವಿ ಹಡಗುಗಳ ಮೂಲಕ ಅಮೆರಿಕಕ್ಕೆ ಬಂದು, ೧೯೮೮ರಲ್ಲಿ ಅಲ್ಲಿನ ಮಹಾಸರೋವರಗಳ ಪ್ರದೇಶದಲ್ಲಿ ಪತ್ತೆಯಾಗಿತ್ತು. ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ತಿನ್ನುವುದೇ ಅದರ ಬದುಕು. ಅದು ಹಬ್ಬಿದಂತೆ ನೀರು ತಿಳಿಯಾಯಿತು. ಕ್ಯಾಮರಾದ ಪರದೆಯ ಮೇಲೆ ಚಿತ್ರವೂ ತಿಳಿಯಾಯಿತು. ಆದರೆ ಸೋಸಿಹೋದುದು ಮರಿಮೀನುಗಳ ಊಟದ ಮೂಲ. ತಿಳಿಯಾದ ಬೆಳಕು ಮಬ್ಬನ್ನು ಬಯಸುವ ವಾಲೈಗೆ ಒಲ್ಲದ ಬೆಳಕು. ಇದೂ ಸೇರಿದಂತೆ ಹಲವು ಕಾರಣಗಳಿಂದ ವಾಲೈ ಸಂತತಿ ಕುಸಿಯಿತು. ೨೦೧೫ರಲ್ಲಿ ವಾಲೈ ಹಿಡಿಯುವ ಋತುವನ್ನು ಆಗಸ್ಟಿನಲ್ಲೇ ಮುಚ್ಚಬೇಕಾಯಿತು. ೨೦೧೬ರ ಬೇಸಗೆಯಲ್ಲಿ ಹಿಡಿದ ವಾಲೈಯನ್ನೆಲ್ಲ ನೀರಿಗೇ ಬಿಡಬೇಕೆಂಬ ನಿಯಮ ಬಂತು. ಕ್ಯಾಮರಾಕ್ಕೆ ಒಳ್ಳೆಯ ನೀರೆಲ್ಲ ಮೀನಿಗೂ ಒಳ್ಳೆಯ ನೀರೆಂದು ತಿಳಿಯುವಂತಿಲ್ಲ.

ಇದರಿಂದ ಕ್ಯಾಮರಾ ಉಳ್ಳವನಿಗೆ ಒಂದು ಕರ್ತವ್ಯವೂ ಹುಟ್ಟುತ್ತದೆ. ಒಂದು ಸರೋವರದಲ್ಲಿ ಅದ್ದಿದ ಕ್ಯಾಮರಾವನ್ನೂ ತಂತಿಯನ್ನೂ ಒರಸಿ, ಚೆನ್ನಾಗಿ ಒಣಗಿಸದೆ ಇನ್ನೊಂದರಲ್ಲಿ ಅದ್ದಬಾರದು. ಕಣ್ಣಿಗೆ ಕಾಣದ ಮರಿಜೀವಿಗಳು ಒಂದು ಹನಿ ನೀರಿನಲ್ಲಿ ಊರಿಂದ ಊರಿಗೆ ಸಾಗಬಲ್ಲವು.

ಕೆಂಪು ಸರೋವರದ ಕಥೆ ಇನ್ನೊಂದು ಬಗೆಯದು. ಅಲ್ಲಿ ವಾಲೈಯನ್ನು ಮಿತಿಮೀರಿ ಹಿಡಿದ ಫಲವಾಗಿ ೧೯೯೦ರ ದಶಕದಲ್ಲಿ ಮೀನೇ ಬರಿದಾಯಿತು. ಆ ನೀರಿನ ಬಹುಭಾಗದ ಒಡೆಯರಾದ ಓಜಿಬ್ವೆ ಜನಾಂಗದವರು ೧೯೯೭ರಲ್ಲಿ ತಮ್ಮ ವ್ಯಾಪಾರದ ಬಲೆಗಳನ್ನು ತಾವಾಗಿಯೇ ಮೇಲೆತ್ತಿದರು. ೧೯೯೯ರಲ್ಲಿ ಸರಕಾರವೂ ಅವರೊಡನೆ ಕೈಜೋಡಿಸಿ, ವಾಲೈ ಹಿಡಿಯುವುದನ್ನೇ ನಿಲ್ಲಿಸಿ, ಕೋಟಿಗಟ್ಟಲೆ ಮರಿಗಳನ್ನು ನೀರಿಗೆ ಬಿಡತೊಡಗಿತು. ಏಳು ವರ್ಷ ಒಂದು ವಾಲೈಯನ್ನೂ ಮುಟ್ಟದೆ ಕಾದರು. ೨೦೦೬ರಲ್ಲಿ ಸರೋವರ ಮತ್ತೆ ತೆರೆಯಿತು; ಮೀನು ಮರಳಿತ್ತು. ಯಾವ ಯಂತ್ರವೂ ಮಾಡದ ಕೆಲಸವನ್ನು ಅಲ್ಲಿ ಸಂಯಮ ಮಾಡಿತು.

ನೋಡಿಯೂ ಹಿಡಿಯದಿರುವುದು

ಆ ಸಂಯಮಕ್ಕೆ ಕ್ಯಾಮರಾ ನೆರವಾಗಬಲ್ಲುದು ಎಂಬುದೇ ಅದರ ಪರವಾಗಿ ಹೇಳಬಹುದಾದ ದೊಡ್ಡ ಮಾತು. ವಾಲೈ, ಪರ್ಚ್ ಮೊದಲಾದ ಮೀನುಗಳ ಹೊಟ್ಟೆಯೊಳಗೆ ಮುಚ್ಚಿದ ಗಾಳಿಚೀಲವಿದೆ. ಮೂವತ್ತು ಅಡಿಗೂ ಆಳದಿಂದ ಅವನ್ನು ಸರಸರನೆ ಮೇಲೆಳೆದರೆ ಒತ್ತಡ ಇಳಿದು ಚೀಲ ಉಬ್ಬುತ್ತದೆ, ಒಳಗಿನ ಅಂಗಾಂಗಗಳು ಹಾನಿಗೊಳ್ಳುತ್ತವೆ. ‘ಚಿಕ್ಕದು, ಹೋಗಲಿ ಬಿಡು’ ಎಂದು ಕರುಣೆಯಿಂದ ನೀರಿಗೆ ಬಿಟ್ಟ ಮೀನು ಬದುಕುವುದೆಂದು ಹೇಳುವಂತಿಲ್ಲ. ಸೋನಾರ್ ಎಂಬ ಶಬ್ದಯಂತ್ರ ಕಲಕು ನೀರಿನಲ್ಲಿಯೂ ಮೀನಿನ ಇರವನ್ನು ತಿಳಿಸುತ್ತದೆ. ಆದರೆ ಸಾಮಾನ್ಯ ಸೋನಾರಿನಲ್ಲಿ ಅದೊಂದು ಬಣ್ಣದ ಗೆರೆ, ಅಷ್ಟೆ. ಕ್ಯಾಮರಾ ಆ ಗೆರೆಗೆ ಮುಖ ಕೊಡುತ್ತದೆ. ಬಂದುದು ಯಾವ ಜಾತಿ, ಮರಿಯೋ ಬಲಿತದ್ದೋ ಎಂದು ಗಾಳ ಕಚ್ಚುವ ಮೊದಲೇ ತಿಳಿದರೆ ದಾರವನ್ನು ಮೇಲೆತ್ತಿಕೊಳ್ಳುವ ಸ್ವಾತಂತ್ರ್ಯ ಮೀನುಗಾರನದಾಗುತ್ತದೆ. ಆ ಸ್ವಾತಂತ್ರ್ಯವನ್ನು ಬಳಸುವವನಿಗೆ ಕ್ಯಾಮರಾ ತಕ್ಕುದು. ಬುಟ್ಟಿ ತುಂಬಿಸುವುದೊಂದೇ ಗುರಿಯಾದವನ ಕೈಯಲ್ಲಿ ಅದು ಮೀನಿನ ಮನೆಗೆ ಕೊರೆದ ಕನ್ನವಾದೀತು.

ಕೊನೆಯದಾಗಿ, ನೀರಿನಡಿಯನ್ನೆಲ್ಲ ತೋರಿಸುವ ಈ ಯಂತ್ರ ಕಾಲ ಕೆಳಗಿನ ಅಪಾಯವನ್ನು ತೋರಿಸದು. ನಡೆದು ಹೋಗಲು ಕನಿಷ್ಠ ೪ ಅಂಗುಲ ದಪ್ಪದ ಹೊಸ ತಿಳಿ ಮಂಜುಗಡ್ಡೆ ಬೇಕೆಂದು ಮಿನ್ನೆಸೋಟದ ಅಧಿಕಾರಿಗಳು ಹೇಳುತ್ತಾರೆ. ಬಿಳಿಯ, ಹಿಮ ಬೆರೆತ ಗಡ್ಡೆಯನ್ನು ಅಷ್ಟು ನಂಬುವಂತಿಲ್ಲ. ಮೊದಲು ಅಳೆಯಬೇಕಾದುದು ಅದನ್ನು; ಕ್ಯಾಮರಾ ಆಮೇಲೆ.

ಗುಡಾರದೊಳಗೆ ಹೊತ್ತು ಇಳಿಯುತ್ತಿದೆ. ವಾಲೈ ಹೊರಡುವ ಸಂಜೆಯ ಗಳಿಗೆ. ಪರದೆಯ ಮಬ್ಬಿನಲ್ಲಿ ಗೇಣುದ್ದದ ಮರಿಯೊಂದು ಬಂದು ಎರೆಯ ಸುತ್ತ ಸುಳಿಯುತ್ತಿದೆ. ಮಗಳು ತಂದೆಯ ಮುಖ ನೋಡುತ್ತಾಳೆ. ಅವನು ಮಾತಾಡದೆ ದಾರವನ್ನು ಮೆಲ್ಲನೆ ಮೇಲಕ್ಕೆ ಸುತ್ತುತ್ತಾನೆ. ಎರೆ ಪರದೆಯಿಂದ ಮರೆಯಾಗುತ್ತದೆ. ಮರಿ ಒಂದು ಕ್ಷಣ ಅಲ್ಲೇ ನಿಂತು, ಬಾಲ ಬೀಸಿ, ಬಂದ ದಾರಿಯಲ್ಲಿ ಹೋಗುತ್ತದೆ. ಅದು ಹೋದ ದಾರಿಯಲ್ಲಿ ಹೆಜ್ಜೆಯ ಗುರುತಿಲ್ಲ; ಕಂಡವರು ಮಾತ್ರ ಇಬ್ಬರಿದ್ದಾರೆ.